ಹಿಟ್ಟಿನ ಗುಳಿಗೆ

ಕಾಡುಬೇರಿನ ಸತ್ವದಿಂದ ಮಾಡಿದ ಹೊಸ ಮದ್ದಿನ ಪರೀಕ್ಷೆ ಅದು. ಶ್ವಾಸಕೋಶ ಗಟ್ಟಿಯಾದ ರೋಗಿಗಳಲ್ಲಿ ಅರ್ಧ ಮಂದಿಗೆ ಮದ್ದು, ಉಳಿದವರಿಗೆ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂಬುದು ಡಾಕ್ಟರಿಗೂ ಗೊತ್ತಿಲ್ಲ. ಗುಳಿಗೆ ಕಟ್ಟಿಕೊಡುವ ಶಾವಂತ್ರಿಗೆ ಮಾತ್ರ ಗೊತ್ತು.

ಕಲ್ಲು ಕ್ವಾರಿಯ ಸಾವ್ಕಾರನ ಪಾಲಿಗೆ ಮದ್ದು ಬಂತು. ಅವನ ಕ್ವಾರಿಯ ದೂಳು ಕುಡಿದೇ ಅವಳ ಗಂಡ ಹಾಸಿಗೆ ಹಿಡಿದಿದ್ದ. ಇವನೂ ಉಸಿರಿಗಾಗಿ ಬಾಯಿ ಬಾಯಿ ಬಿಡಲಿ ಎಂದು ಆ ಮದ್ದನ್ನು ಗಂಡನಿಗೆ ಒಯ್ದಳು, ಸಾವ್ಕಾರನಿಗೆ ಹಿಟ್ಟು ಕಟ್ಟಿದಳು.

"ಇದು ಖರೇನ ಮದ್ದ ಏನವ್ವಾ?"

"ನಿಮಗ ಹಿಟ್ಟ ಕೊಡ್ತೀನೇನ್ರೀ, ಸಾವ್ಕಾರ್ರ?"

ತಿಂಗಳೊಪ್ಪತ್ತಿನಲ್ಲಿ ಮದ್ದು ತಿಂದವರು ಲಿವರ್ ಕೆಟ್ಟು ಒಬ್ಬೊಬ್ಬರಾಗಿ ಸತ್ತರು. ಪರೀಕ್ಷೆ ನಿಂತಿತು.

ಅವಳ ಗಂಡನ ಹೆಣಕ್ಕೆ ಹಾರ ಹಾಕಿದ ಸಾವ್ಕಾರ ಅವಳತ್ತ ತಿರುಗಿ ಕೈ ಮುಗಿದ. "ನಿನ್ನ ಕೈಗುಣದಿಂದ ನಾ ಉಳಕೊಂಡೆ, ತಂಗಿ."