ಯಲ್ಲಮ್ಮನ ಎಡೆಗೆ ಜಿನ್

ಎಡೆ ಬಡಿಸುವುದು ಇನ್ನೇನು ಮುಗಿಯಿತು ಅನ್ನುವಾಗ ಗಾನವಿ ಅಡುಗೆಮನೆಯಿಂದ ಜಿನ್ ಬಾಟಲಿ ತಂದು ಮಾವನ ಮುಂದೆ ಇಟ್ಟುಬಿಟ್ಟಳು.

ಅವತ್ತು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಅತ್ತೆ ಯಲ್ಲಮ್ಮ ತೀರಿಕೊಂಡ ಮೇಲೆ ಯಗಟಿಯ ಆ ಮನೆಯಲ್ಲಿ ಇದೇ ಮೊದಲನೆಯದು. ಸತ್ತವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಾಳೆಲೆಯ ಮುಂದಿಟ್ಟು, ಬಾಗಿಲು ಮುಚ್ಚಿ, ಮನೆಯವರೆಲ್ಲ ಜಗುಲಿಗೆ ಬಂದು ಕೂರಬೇಕು. ಒಂದು ಕಮ್ಮಿಯಾದರೂ ಬಂದವರು ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಾರಂತೆ. ಮಾವ ಸಣ್ಣಬೀರಪ್ಪನವರ ಅಪ್ಪನಿಗೆ ಬ್ರಾಂದಿ, ಬೀಡಿ ಆಗಲೇ ಇಟ್ಟಾಗಿತ್ತು. ಯಲ್ಲಮ್ಮನಿಗೆ ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಹಸಿರು ಸೀರೆ.

"ಇದ್ಯಾರ್ಗಮ್ಮ?" ಅಂದರು ಸಣ್ಣಬೀರಪ್ಪ.

"ಅತ್ತೆಗೆ, ಮಾವ." ಯಾರಿಗೂ ಹೇಳಲ್ಲ ಅಂತ ಅತ್ತೆಗೆ ಭಾಷೆ ಕೊಟ್ಟಿದ್ದವಳು ಗಾನವಿ. ಹೇಳಿದರೆ ಭಾಷೆ ತಪ್ಪಿದ ಹಾಗೆ, ಹೇಳದಿದ್ದರೆ ಆ ಜೀವವನ್ನು ಆಸೆಗಣ್ಣಲ್ಲೇ ವಾಪಸ್ಸು ಕಳಿಸಿದ ಹಾಗೆ. ಇಕ್ಕಟ್ಟು ಅಂದರೆ ಇದು. "ಭಾನುವಾರ ನಿಮ್ಮ ಮಗನಿಗೆ ಅಂತ ಫೋನ್ ನೋಡ್ಕೊಂಡು ಇದಕ್ಕೆ ನಿಂಬೆಹಣ್ಣು, ಎಳನೀರು ಬೆರೆಸಿ ಮಾಡ್ತಿದ್ದೆ. ಅತ್ತೆ ಒಂದಿನ ಶರಬತ್ತು ಅಂದ್ಕೊಂಡು ಕುಡಿದ್ಬಿಟ್ರು. ಶರಬತ್ತಲ್ಲ ಅಂತ ಗೊತ್ತಾದ್ಮೇಲೂ ಕುಡಿದ್ರು."

"ಅಯ್ಯೋ ನನ್ನ ಶಿವ್ನೇ!" ಮಾವನ ಅಕ್ಕ ಓಬಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗಾಬರಿಯೋ ನಗುವೋ, ಅವಳಿಗೇ ಗೊತ್ತು.

ಸಣ್ಣಬೀರಪ್ಪ ನಗಲಿಲ್ಲ. ಬೀರದೇವರ ಮುಂದೆ ಆಣೆಯಿಟ್ಟು ಅವರು ಕುಡಿತ ಬಿಟ್ಟು ಹನ್ನೆರಡು ವರ್ಷವಾಗಿತ್ತು. "ನಲವತ್ತು ವರ್ಷ ಸಂಸಾರ ಮಾಡಿದ್ಲು. ನನ್ತಾವ ಒಂದ್ಮಾತು ಹೇಳ್ಬಾರ್ದಾಗಿತ್ತಾ?" ಅಂದರು. ದನಿ ಬಿದ್ದುಹೋಗಿತ್ತು.

"ನೀವು ತೋಟಕ್ಕೆ ಹೋದ್ಮೇಲೆ ಹಿತ್ಲಲ್ಲಿ ಕೂತು ಕುಡಿಯೋರು ಮಾವ. ಆಮೇಲೆ ಎರಡು ಏಲಕ್ಕಿ ಅಗಿಯೋರು. 'ನಿಮ್ಮಾವಂಗೆ ವಾಸ್ನೆ ಬಂದ್ರೆ ಮತ್ತೆ ಆಸೆ ಆಗ್ಬಿಡ್ತದೆ ಕಣೇ. ಪಾಪ, ಎಷ್ಟು ಒದ್ದಾಡ್ಕೊಂಡು ಬಿಟ್ಟೈತೆ ಮುಂಡೇದು' ಅನ್ನೋರು." ಗಾನವಿ ನಾಲಿಗೆ ಕಚ್ಚಿಕೊಂಡಳು. "ಅವ್ರೇ ಅಂದಿದ್ದು ಮಾವ, ನಾನಲ್ಲ."

ಸಣ್ಣಬೀರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

"ಹೂಂ, ಮಾಡು ಮತ್ತೆ. ಅವ್ಳು ಬರೋ ಹೊತ್ತಾಯ್ತು," ಅಂದರು.

ಅವಳು ಲೋಟಕ್ಕೆ ಎರಡು ಮುಚ್ಚಳ ಜಿನ್ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಉದುರಿಸಿದಳು. ದೊಡ್ಡಪತ್ರೆ ಸೊಪ್ಪನ್ನು ಅಂಗೈಯಲ್ಲಿ ತಟ್ಟಿ ಬಿಟ್ಟು, ಮೇಲೆ ಎಳನೀರು ತುಂಬಿದಳು. ಸಣ್ಣಬೀರಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಬೆರಳು ಮಡಚಿ ಲೆಕ್ಕ ಇಟ್ಟುಕೊಳ್ಳುತ್ತಿದ್ದರು.

"ತಾಳಮ್ಮ, ತಾಳು. ಸೊಪ್ಪು ಮೊದ್ಲಾ, ಎಳನೀರು ಮೊದ್ಲಾ?"

"ಸೊಪ್ಪು ಮೊದ್ಲು ಮಾವ."

"ಲೋ ಬೀರ!" ಓಬಮ್ಮ ಗದರಿದಳು. "ಆಣೆ ಇಟ್ಟಿದ್ದು ಮರ್ತೋಯ್ತಾ? ನಿಂಗ್ಯಾಕೋ ಇದೆಲ್ಲ?"

"ಕುಡಿಯೋಕಲ್ಲ ಬಿಡಕ್ಕ." ಸಣ್ಣಬೀರಪ್ಪ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಯಲ್ಲಮ್ಮನ ಎಲೆಯ ಬಲಕ್ಕೆ ಇಟ್ಟರು. "ನಾಳೆ ನಾನೂ ಅಲ್ಲಿಗೆ ಹೋದ್ಮೇಲೆ ಅವ್ಳಿಗೆ ಮಾಡ್ಕೊಡೋರು ಯಾರು?"