ಗಿರಣಿಯ ಮಗುವಿನ ಸಾಕ್ಷಿ

“ಸಾಕು, ಕೂತುಕೋ” ಎಂದು ಟೀಚರ್ ಗಂಗಾಂಬಿಕೆ ಎರಡನೆಯ ಸಲ ಹೇಳಿದರು. ಮೇಜಿನ ಮುಂದೆ ನಿಂತಿದ್ದ ಪುಟ್ಟತಾಯಿ ಕೂರಲಿಲ್ಲ.

ಹಿಂದಿನ ಗೋಡೆಗೆ ಹಾಕಿದ್ದ ಕುರ್ಚಿಯಿಂದ ಶಾಲಾ ಇನ್‌ಸ್ಪೆಕ್ಟರ್ ಅನಂತಮತಿಯವರು ಕೈಯೆತ್ತಿದರು. “ತಡೆಯಬೇಡಿ. ಮುಂದುವರಿಯಲಿ.”

ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಂದು ಇಂಗ್ಲೆಂಡಿನ ಚರಿತ್ರೆಯ ಪಾಠ. ನೂರು ವರ್ಷಗಳ ಹಿಂದೆ ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ವಿಚಾರಣೆಗೆ ಸರ್ಕಾರ ಒಂದು ಸಮಿತಿ ನೇಮಿಸಿತ್ತು. ಗಂಗಾಂಬಿಕೆ ಅದನ್ನು ಪುಸ್ತಕದಿಂದ ಓದಿಸುತ್ತಿರಲಿಲ್ಲ, ಹುಡುಗಿಯರಿಂದ ನಾಟಕದಂತೆ ಆಡಿಸುತ್ತಿದ್ದರು. ಅವರ ಪಾಠದ ಕ್ರಮ ಹಾಸನದವರೆಗೂ ಹೆಸರಾಗಿತ್ತು. ಅದನ್ನು ನೋಡಲೆಂದೇ ಅನಂತಮತಿ ಬಸ್ಸು ಹತ್ತಿ ಬಂದಿದ್ದರು.

ಜವಳಿ ವ್ಯಾಪಾರಿಯ ಮಗಳು ರಾಜೀಮತಿ ಸಮಿತಿಯ ದೊರೆ. ಸಾಕ್ಷಿ ಹೇಳಬೇಕಿದ್ದ ಹುಡುಗಿ ಇನ್‌ಸ್ಪೆಕ್ಟರನ್ನು ಕಂಡು ಹೆದರಿ, ಬಾಯಿಪಾಠ ಮರೆತು ಅಳತೊಡಗಿದ್ದಳು. ಆಗ ಕೊನೆಯ ಬೆಂಚಿನಿಂದ, ಯಾರೂ ಕರೆಯದೆ, ಪುಟ್ಟತಾಯಿ ಎದ್ದು ಬಂದಿದ್ದಳು. ಮಲ್ಲಿಪಟ್ಟಣದ ಕಡೆಯ ಹುಡುಗಿ. ತರಗತಿಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ.

“ಬೆಳಿಗ್ಗೆ ಕೆಲಸ ಯಾವಾಗ ಶುರು?” ರಾಜೀಮತಿ ಗತ್ತಿನಿಂದ ಕೇಳಿದಳು.

“ಕೋಳಿ ಕೂಗೋಕ್ ಮುಂಚೆ, ಸಾ.”

“ನಿದ್ದೆ ಬಂದರೆ?”

“ಮುಖಕ್ಕೆ ತಣ್ಣೀರು ಉಯ್ತಾರೆ.”

“ಹೊಡೆಯುತ್ತಾರೋ?”

“ಒಡೀತಾರೆ. ಕಾಣೋ ಜಾಗ್ದಾಗೆ ಒಡ್ಯಾಕಿಲ್ಲ.”

ಗಿರಣಿ ಮಾಲೀಕನ ಪಾತ್ರದವಳು ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗದಿದ್ದನ್ನು ಕಂಡು ಸುಮ್ಮನಾದಳು.

ಗಂಗಾಂಬಿಕೆಯ ಕೈಯಲ್ಲಿದ್ದ ಸೀಮೆಸುಣ್ಣ ತುಂಡಾಯಿತು. ಹುಡುಗಿಯರಿಗೆ ಅದರ ಕಾರಣ ಗೊತ್ತಿತ್ತು. ಆ ವರ್ಷ ಸಂಸ್ಥಾನದಲ್ಲೆಲ್ಲ ಸ್ವಾತಂತ್ರ್ಯದ ಬಾವುಟ ಹಾರಿಸುವವರ ಗಲಾಟೆ. ಬಿಳಿಯರ ಕ್ರೌರ್ಯದ ಬಗ್ಗೆ ಪಾಠದಲ್ಲಿ ಒಂದು ಮಾತು ಹೆಚ್ಚು ಆಡಿದ ಮೇಷ್ಟ್ರೊಬ್ಬರಿಗೆ ಚನ್ನರಾಯಪಟ್ಟಣದಿಂದ ಎತ್ತಂಗಡಿಯಾಗಿತ್ತು. ಈಗ ಇಲ್ಲಿ, ಸರ್ಕಾರದ ಅಧಿಕಾರಿಯ ಎದುರಿಗೇ, ಈ ಪೆದ್ದಿ ಇಂಗ್ಲೆಂಡಿನ ಮಾನ ಕಳೆಯುತ್ತಿದ್ದಾಳೆ.

“ಊಟ?”

“ಎಲ್ರುದೂ ಆದ್ಮ್ಯಾಕೆ. ಉಳುದ್ರೆ.”

“ಓಡಿಹೋಗಬಹುದಿತ್ತಲ್ಲ?” ಈ ಪ್ರಶ್ನೆ ರಾಜೀಮತಿಗೆ ಕಲಿಸಿದ್ದಲ್ಲ. ಅವಳ ದನಿಯಲ್ಲಿ ಗತ್ತು ಉಳಿದಿರಲಿಲ್ಲ.

“ಎಲ್ಲಿಗ್ ಓಗ್ಲಿ, ಸಾ? ಊರೋರ್ಗೆಲ್ಲಾ ಅವ್ರು ದ್ಯಾವ್ರಂಥೋರು. ನನ್ ಮಾತ ಯಾರ್ ನಂಬ್ತಾರೆ?”

ಪುಟ್ಟತಾಯಿ ಇಷ್ಟನ್ನೂ ರಾಜೀಮತಿಯ ಕಡೆ ನೋಡಿ ಹೇಳಿರಲಿಲ್ಲ. ಅವಳ ಕಣ್ಣು ಅನಂತಮತಿಯವರ ಮೇಲೆಯೇ ನೆಟ್ಟಿತ್ತು.

“ಪಾಠ ಮುಗಿಯಿತು!” ಗಂಗಾಂಬಿಕೆ ಕೂಗಿದರು. “ಕ್ಷಮಿಸಿ ಮೇಡಂ. ಇವಳು ಹೇಳಿದ್ದು ಯಾವುದೂ ನಾನು ಬರೆದುಕೊಟ್ಟದ್ದಲ್ಲ. ಸರ್ಕಾರದ ವಿರುದ್ಧ ನನಗೆ...”

“ಯಾಕಿಷ್ಟು ಹೆದರಿಕೆ?” ಅನಂತಮತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದರು. “ಇಷ್ಟು ಜೀವಂತ ಪಾಠವನ್ನು ನಾನು ಎಲ್ಲೂ ನೋಡಿಲ್ಲ. ಮಗು, ಇದನ್ನೆಲ್ಲ ಯಾರು ಕಲಿಸಿದರು?”

“ಅಮ್ಮಾವ್ರೇ” ಎಂದು ಪುಟ್ಟತಾಯಿ ಗಂಗಾಂಬಿಕೆಯ ಕಡೆ ಕೈ ತೋರಿಸಿದಳು.

“ನೋಡಿದಿರಾ! ನೀವು ಬರೆದುಕೊಡದಿದ್ದರೂ ನಿಮ್ಮಿಂದಲೇ ಕಲಿತಿದ್ದಾಳೆ.” ಅನಂತಮತಿ ನಕ್ಕು ಹುಡುಗಿಯ ತಲೆ ಸವರಿದರು. “ನಿನ್ನ ತಂದೆತಾಯಿಯನ್ನು ನಾನು ನೋಡಬೇಕಲ್ಲ.”

“ಇಲ್ಲ ಕಣವ್ವಾ. ಪ್ಲೇಗ್‌ನಾಗೆ ಓಗ್ಬುಟ್ರು.”

“ಅಯ್ಯೋ! ಹಾಗಾದರೆ ಯಾರ ಮನೆಯಲ್ಲಿದ್ದೀಯ?”

ಪುಟ್ಟತಾಯಿ ತಲೆ ಎತ್ತಿ ಗಂಗಾಂಬಿಕೆಯ ಮುಖ ನೋಡಿದಳು. ಗಂಗಾಂಬಿಕೆ ಕಿಟಕಿಯ ಕಡೆ ತಿರುಗಿದರು. ಉತ್ತರ ಕೊಟ್ಟವಳು ರಾಜೀಮತಿ, ಬಲು ಹೆಮ್ಮೆಯಿಂದ.

“ನಮ್ಮ ಟೀಚರ್ ಮನೇಲೇ, ಮೇಡಂ! ತಬ್ಬಲಿ ಅಂತ ಇವರೇ ಕರ್ಕೊಂಡ್ ಬಂದು ಸಾಕ್ತಾ ಇದಾರೆ.”