ಕೂಡಿಬಂದ ಜಾತಕ

ಅರವತ್ತೊಂದು ವರ್ಷದ ವಿಧವೆ ತಂಗಿ ತುಂಗಮ್ಮ ಮರುಮದುವೆಯ ಮಾತೆತ್ತಿದಾಗ ಶ್ರೀಪತಿ ಜೋಯಿಸರು ಕೆಂಡವಾದರು.

"ಈ ವಯಸ್ಸಲ್ಲಿ ನಾಚಿಕೆ ಆಗಲ್ವೇನೇ? ಯಾರವನು?"

"ಹೆಸರು ಆಮೇಲೆ ಅಣ್ಣಯ್ಯ. ಮೊದಲು ಜಾತಕ ನೋಡು." ಹೆಸರಿನ ಭಾಗವನ್ನು ಮಡಿಚಿದ್ದ ಹಳೆಯ ಹಾಳೆಯನ್ನು ಅವಳು ಮುಂದಿಟ್ಟಳು.

ದೋಷ ತೋರಿಸಿ ಬಾಯಿ ಮುಚ್ಚಿಸುವ ಛಲದಿಂದಲೇ ಅವರು ಗಣಿಸತೊಡಗಿದರು. ಎಷ್ಟು ಗಣಿಸಿದರೂ ದೋಷ ದೊರೆಯಲಿಲ್ಲ.

"ಮೂವತ್ತೆರಡು ಗುಣ ಕೂಡ್ತವೆ," ಎಂದು ಹಲ್ಲು ಕಚ್ಚಿ ನುಡಿದರು. "ಏನು ಮಾಡ್ಲಿ, ಜಾತಕದ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ."

ತುಂಗಮ್ಮ ಹಾಳೆಯನ್ನು ಮಗುಚಿದಳು. ಹಿಂಬದಿಯಲ್ಲಿ ನಲವತ್ತು ವರ್ಷಗಳ ಹಿಂದಿನ ಅವರದೇ ಕೈಬರಹವಿತ್ತು: "ಹುಡುಗ ಬಡವ. ತಂಗಿಗೆ ಜಾತಕ ಕೂಡುವುದಿಲ್ಲವೆಂದು ಹೇಳಿ ಕಳುಹಿಸುವುದು."